ಕಿವಿಮೊರೆತಕ್ಕೆ ಅಕ್ಯುಪಂಕ್ಚರ್: ಸೂಜಿಗೆ ಮೊದಲು ಏನು, ನಂತರ ಏನು

ಕಿವಿಯೊಳಗಿನ ಸದ್ದಿಗಾಗಿ ನಾನು ಐದು ವಾರಗಳಲ್ಲಿ ಹತ್ತು ಸಲ ಸೂಜಿ ಚುಚ್ಚಿಸಿಕೊಂಡೆ. ಸದ್ದು ಹೋಗಲಿಲ್ಲ. ಆದರೂ ಆ ಐದು ವಾರ ದಂಡವಾಯಿತೆಂದು ನನಗೆ ಅನ್ನಿಸಿಲ್ಲ. ಏಕೆಂದರೆ ಹೋಗುವ ಮೊದಲೇ ಕಿವಿಯ ಪರೀಕ್ಷೆ ಮಾಡಿಸಿದ್ದೆ, ಎಷ್ಟು ಸಲ ಹೋಗುವುದೆಂದು ನಿರ್ಧರಿಸಿದ್ದೆ, ಏನೇನು ಬದಲಾಯಿತೆಂದು ಬರೆದಿಟ್ಟಿದ್ದೆ. ಈ ಮೂರನ್ನೂ ಮಾಡದೆ ಮುಂಗಡ ಕಟ್ಟಿ ವರ್ಷಗಟ್ಟಲೆ ಅಲೆದವರನ್ನು ಕಂಡಿದ್ದೇನೆ. ಸೂಜಿಯನ್ನೇ ನಂಬಿಕೊಂಡು, ಬೇಗ ಹೋಗಿದ್ದರೆ ಉಳಿಯಬಹುದಾಗಿದ್ದ ಕಿವಿಯನ್ನು ಕಳೆದುಕೊಂಡವರನ್ನೂ ಕಂಡಿದ್ದೇನೆ. ನಾನು ವೈದ್ಯನಲ್ಲ. ಗದಗಿನ ಒಂದು ಮುದ್ರಣಾಲಯದಲ್ಲಿ ಹತ್ತೊಂಬತ್ತು ವರ್ಷ ಯಂತ್ರದ ಪಕ್ಕದಲ್ಲೇ ನಿಂತು ಕೆಲಸ ಮಾಡಿ ಎರಡೂ ಕಿವಿಗೆ ಈ ಮೊರೆತವನ್ನು ಕಟ್ಟಿಕೊಂಡವನು. ಸೂಜಿಗೆ ಹೋಗಬೇಕೇ ಬೇಡವೇ ಎಂದು ಯೋಚಿಸುತ್ತಿರುವವರು ಯಾವ ಕ್ರಮದಲ್ಲಿ ಹೆಜ್ಜೆ ಇಟ್ಟರೆ ಹಣವೂ ಕಿವಿಯೂ ಉಳಿಯುತ್ತವೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಸದ್ದು ಎಲ್ಲಿಂದ ಬರುತ್ತದೆ

ವೈದ್ಯರು ಟಿನಿಟಸ್ ಎನ್ನುತ್ತಾರೆ, ಆಯುರ್ವೇದದಲ್ಲಿ ಕರ್ಣನಾದ ಎಂಬ ಹೆಸರಿದೆ. ಒಬ್ಬರಿಗೆ ಮಳೆಗಾಲದ ಜೀರುಂಡೆ, ಇನ್ನೊಬ್ಬರಿಗೆ ಇಳಿಯದ ಕುಕ್ಕರ್ ಸೀಟಿ, ನನಗೆ ಹಳೆಯ ಟ್ಯೂಬ್‌ಲೈಟಿನ ಚೋಕ್ ಗುಂಯ್‌ಗುಟ್ಟುವ ಸದ್ದು. 2022ರಲ್ಲಿ ಪ್ರಕಟವಾದ ಒಂದು ಜಾಗತಿಕ ಅಂದಾಜಿನ ಪ್ರಕಾರ ವಯಸ್ಕರಲ್ಲಿ ಸುಮಾರು ಶೇ. 14 ಮಂದಿಗೆ ಇದರ ಅನುಭವವಿದೆ. ಎಂದರೆ 74 ಕೋಟಿಗೂ ಹೆಚ್ಚು ಜನ. ಅವರಲ್ಲಿ 12 ಕೋಟಿಗೂ ಹೆಚ್ಚು ಮಂದಿಗೆ ಅದು ತೀವ್ರ ತೊಂದರೆ. ಮನೆಯವರಿಗೆ ಕೇಳಿಸದ ಸದ್ದು ನಿಮಗೊಬ್ಬರಿಗೇ ಕೇಳಿಸುತ್ತಿದ್ದರೆ ತಲೆ ಕೆಟ್ಟಿತೆಂದು ಹೆದರಬೇಕಾಗಿಲ್ಲ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯಾ ಎಂಬ ಅಂಗವಿದೆ. ಅದರೊಳಗಿನ ಸೂಕ್ಷ್ಮ ಕೂದಲಕೋಶಗಳು ಸದ್ದನ್ನು ನರದ ಸಂಕೇತವಾಗಿ ಬದಲಿಸುತ್ತವೆ. ದೊಡ್ಡ ಸದ್ದು, ವಯಸ್ಸು, ಕೆಲವು ಔಷಧಗಳು ಈ ಕೋಶಗಳನ್ನು ಕೊಲ್ಲುತ್ತವೆ. ಸತ್ತವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಆ ಭಾಗದಿಂದ ಬರಬೇಕಾದ ಸ್ವರಗಳು ಬರದಿದ್ದಾಗ ಮಿದುಳು ತನ್ನ ಗ್ರಹಿಕೆಯನ್ನು ಹಿಗ್ಗಿಸಿಕೊಳ್ಳುತ್ತದೆ ಎಂಬುದು ಇಂದಿನ ಮುಖ್ಯ ವಿವರಣೆ. ಸ್ಟೇಷನ್ ಸಿಗದ ರೇಡಿಯೊದ ವಾಲ್ಯೂಮ್ ಏರಿಸಿದರೆ ಬರೀ ಸರಸರ ಕೇಳುತ್ತದಲ್ಲ, ಅಂಥದ್ದು. ಅಂದರೆ ಸದ್ದಿನ ಬೀಜ ಕಿವಿಯಲ್ಲಿದ್ದರೂ ಅದು ಬೆಳೆಯುವುದು ಮಿದುಳಿನಲ್ಲಿ. ಮುಂದೆ ಸೂಜಿಯ ವಿಷಯಕ್ಕೆ ಬಂದಾಗ ಈ ಮಾತು ಬೇಕಾಗುತ್ತದೆ.

ಮೊದಲ ಹೆಜ್ಜೆ: ಯಾವ ಸದ್ದಿಗೆ ಸೂಜಿಯ ಹತ್ತಿರ ಹೋಗಲೇಬಾರದು

ಒಂದು ಹಾಳೆಯಲ್ಲಿ ಬರೆಯಿರಿ: ಸದ್ದು ಒಂದು ಕಿವಿಯಲ್ಲೋ ಎರಡರಲ್ಲೋ, ಎಂದಿನಿಂದ, ಒಂದೇ ಸಮನಾಗಿದೆಯೋ ಬಡಿತದಂತಿದೆಯೋ, ಜೊತೆಗೆ ಕಿವಿ ಮಂದವಾಗಿದೆಯೋ, ತಲೆ ತಿರುಗುತ್ತದೆಯೋ.

ಬೆಳಿಗ್ಗೆ ಏಳುವಾಗ ಒಂದು ಕಿವಿ ಇದ್ದಕ್ಕಿದ್ದಂತೆ ಮುಚ್ಚಿಕೊಂಡಂತಾಗಿ, ಅದರಲ್ಲೇ ಜೋರಾಗಿ ಮೊರೆಯತೊಡಗಿದರೆ ಅದು ಹಠಾತ್ ಶ್ರವಣನಷ್ಟ ಇರಬಹುದು. ಇದು ತುರ್ತು ಪರಿಸ್ಥಿತಿ. ಶೀತಕ್ಕೆ ಕಿವಿ ಕಟ್ಟಿದೆ, ನಾಲ್ಕು ದಿನ ಬಿಟ್ಟು ನೋಡೋಣ ಎನ್ನುವುದು ಇಲ್ಲಿ ಅಪಾಯದ ಮಾತು. ಸ್ಟೆರಾಯ್ಡ್ ಚಿಕಿತ್ಸೆ ಎಷ್ಟು ಬೇಗ ಆರಂಭವಾದರೆ ಅಷ್ಟು ಒಳ್ಳೆಯದು. ಎರಡು ವಾರ ದಾಟಿದರೆ ಫಲದ ಸಾಧ್ಯತೆ ಬಹಳ ಕುಗ್ಗುತ್ತದೆ. ಅದೇ ದಿನ ಅಥವಾ ಮರುದಿನ ಕಿವಿ-ಮೂಗು-ಗಂಟಲು ತಜ್ಞರ ಮುಂದೆ ಕೂರಬೇಕು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಈ ಸ್ಥಿತಿಯಲ್ಲಿ ಮೂರು ವಾರ ಸೂಜಿಗೆ ಹೋದರು. ಆ ಕಿವಿ ಮರಳಿ ಬರಲಿಲ್ಲ. ಬೇಗ ಹೋಗಿದ್ದರೆ ಬರುತ್ತಿತ್ತೆಂದು ಯಾರೂ ಖಚಿತವಾಗಿ ಹೇಳಲಾರರು, ಆದರೆ ಒಂದು ಅವಕಾಶ ಅವರಿಗಿತ್ತು. ನಾನು ಇದನ್ನು ಬರೆಯಲು ಕುಳಿತದ್ದಕ್ಕೆ ಅವರೇ ಮೊದಲ ಕಾರಣ.

ನಾಡಿಯ ಲಯಕ್ಕೆ ಸರಿಯಾಗಿ ಧಕ್ ಧಕ್ ಎನ್ನುವ ಸದ್ದೂ ಬೇರೆಯೇ ಜಾತಿಯದು. ಮಣಿಕಟ್ಟಿನ ನಾಡಿ ಹಿಡಿದು ಹೋಲಿಸಿ ನೋಡಿ; ಎರಡೂ ಒಟ್ಟಿಗೆ ಬಡಿಯುತ್ತಿದ್ದರೆ ರಕ್ತನಾಳಗಳ ತೊಂದರೆ, ಮಿದುಳಿನ ಒತ್ತಡ, ಮಧ್ಯಕಿವಿಯ ಗಡ್ಡೆಯಂಥ ಕಾರಣಗಳನ್ನು ಹುಡುಕಬೇಕಾಗುತ್ತದೆ. ಒಂದೇ ಕಿವಿಯಲ್ಲಿ ಸದ್ದು, ಅದೇ ಕಿವಿ ಮಂದ ಎಂದಾದರೆ ಶ್ರವಣನರದ ಗಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಎಂ.ಆರ್.ಐ. ಹೇಳುವುದುಂಟು. ಗಡ್ಡೆ ಸಿಗುವುದು ಅಪರೂಪ, ಆದರೂ ಮಾಡಿಸಿ. ಕಿವಿ ಸೋರುವುದು, ಮುಖದ ಒಂದು ಬದಿ ಸೊಟ್ಟಗಾಗುವುದು, ತಲೆಗೆ ಪೆಟ್ಟಾದ ಮೇಲೆ ಸದ್ದು ಆರಂಭವಾಗುವುದು: ಇವುಗಳಲ್ಲಿ ಯಾವುದಿದ್ದರೂ ದಾರಿ ಆಸ್ಪತ್ರೆಯದೇ.

ಎರಡನೆಯ ಹೆಜ್ಜೆ: ಕಿವಿಯೊಳಗೆ ಯಾರಾದರೂ ನೋಡಲಿ

ಅಪಾಯದ ಲಕ್ಷಣ ಯಾವುದೂ ಇಲ್ಲದಿದ್ದರೂ ಒಮ್ಮೆ ತಜ್ಞರು ಬೆಳಕು ಹಾಕಿ ನೋಡಬೇಕು. ಗುಗ್ಗೆ ಗಟ್ಟಿಯಾಗಿ ಕಿವಿತಮಟೆಗೆ ಅಂಟಿಕೊಂಡಿದ್ದರೂ ಮೊರೆತ ಬರುತ್ತದೆ. ಅದನ್ನು ತೆಗೆದ ಕೂಡಲೇ ಹೋದದ್ದೂ ಉಂಟು. ಬೆಳ್ಳುಳ್ಳಿ ಕಾಯಿಸಿದ ಕೊಬ್ಬರಿ ಎಣ್ಣೆಯನ್ನು ಬೆಚ್ಚಗೆ ಬಿಡುವುದು ನಮ್ಮ ಮನೆಗಳ ಹಳೆಯ ರೂಢಿ. ಅಕ್ಕರೆಯಿಂದಲೇ ಬಿಡುತ್ತಾರೆ. ಆದರೆ ತಮಟೆಯಲ್ಲಿ ತೂತಿದ್ದರೆ ಆ ಎಣ್ಣೆ ಮಧ್ಯಕಿವಿಗೆ ಇಳಿಯುತ್ತದೆ, ಬಿಸಿ ಹೆಚ್ಚಾದರೆ ಸುಡುತ್ತದೆ. ಒಳಗೆ ಏನಿದೆ ಎಂದು ತಿಳಿಯುವ ತನಕ ಎಣ್ಣೆಯೂ ಬೇಡ, ಹೇರ್‌ಪಿನ್ನೂ ಬೇಡ, ಹತ್ತಿ ಕಡ್ಡಿಯೂ ಬೇಡ.

ನಂತರ ಆಡಿಯೋಮೆಟ್ರಿ, ಅಂದರೆ ಶ್ರವಣ ಪರೀಕ್ಷೆ. ಸದ್ದು ನುಗ್ಗದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿ, ಕೇಳಿಸಿದಾಗಲೆಲ್ಲ ಗುಂಡಿ ಒತ್ತಿ ಎನ್ನುತ್ತಾರೆ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ನೋವಿಲ್ಲ. ನನ್ನ ಆಡಿಯೋಗ್ರಾಂನಲ್ಲಿ, ಅಂದರೆ ಆ ಪರೀಕ್ಷೆಯ ನಕ್ಷೆಯಲ್ಲಿ, ಗೆರೆ ನೆಟ್ಟಗೆ ಬಂದು 4000 ಹರ್ಟ್ಸ್ ಎಂಬ ಕೀರಲು ಸ್ವರದ ಹತ್ತಿರ ಬಾವಿಗೆ ಬಿದ್ದಂತೆ ಕುಸಿದಿತ್ತು. ಯಂತ್ರದ ಸದ್ದು ತಿಂದ ಕಿವಿಯ ಗುರುತೇ ಅದು ಎಂದು ಪರೀಕ್ಷೆ ಮಾಡಿದವರು ಹೇಳಿದರು. ನನಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ ಎಂದು ಅಂದಿನವರೆಗೂ ನಂಬಿದ್ದೆ. ಮೊಮ್ಮಗಳ ಮಾತು ಅರ್ಥವಾಗದಿದ್ದಾಗ ಅವಳೇ ತೊದಲುತ್ತಾಳೆ ಅಂದುಕೊಂಡಿದ್ದೆ.

ನೀವು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ. ಕ್ಷಯರೋಗಕ್ಕೆ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್, ಜೆಂಟಮೈಸಿನ್, ಅಮಿಕಾಸಿನ್ ಗುಂಪಿನ ಇಂಜೆಕ್ಷನ್‌ಗಳು, ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್, ದೊಡ್ಡ ಪ್ರಮಾಣದ ಆಸ್ಪಿರಿನ್, ಕ್ವಿನೈನ್ ಇವು ಕಿವಿಗೆ ತೊಂದರೆ ಕೊಡಬಲ್ಲವು. ವೈದ್ಯರನ್ನು ಕೇಳದೆ ಯಾವುದನ್ನೂ ನಿಲ್ಲಿಸಬೇಡಿ. ರಕ್ತದೊತ್ತಡ, ಹಿಮೋಗ್ಲೋಬಿನ್, ಥೈರಾಯ್ಡ್ ಕೂಡ ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು.

ಎಲ್ಲಿಗೆ ಹೋಗಬೇಕೆಂದು ತಿಳಿಯದವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಕಿವಿಯ ವಿಷಯದಲ್ಲಿ ದೇಶಕ್ಕೇ ದೊಡ್ಡ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದ್ದೂ ಎಷ್ಟೋ ಜನ ಅದರ ಹೆಸರು ಕೇಳದೆ ಜಾಹೀರಾತಿನ ಹಿಂದೆ ಹೋಗುವುದು ನನಗೆ ಸಂಕಟ ತರುತ್ತದೆ. ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೂ ಶ್ರವಣ ಪರೀಕ್ಷೆ ಸಿಗುತ್ತದೆ.

ಮೂರನೆಯ ಹೆಜ್ಜೆ: ಹಲ್ಲು ಕಚ್ಚಿ ನೋಡಿ

ಇದನ್ನು ಮನೆಯಲ್ಲೇ ಮಾಡಬಹುದು. ಸದ್ದಿಲ್ಲದ ಕೋಣೆಯಲ್ಲಿ ನೆಟ್ಟಗೆ ಕುಳಿತು ಮೊರೆತವನ್ನು ಗಮನಿಸಿ. ಈಗ ದವಡೆಯ ಹಲ್ಲುಗಳನ್ನು ಐದು ಸೆಕೆಂಡು ಬಿಗಿಯಾಗಿ ಕಚ್ಚಿ. ಬಿಡಿ. ಕೆಳದವಡೆಯನ್ನು ಮುಂದಕ್ಕೆ ಚಾಚಿ, ಆಮೇಲೆ ಎಡಕ್ಕೆ, ಬಲಕ್ಕೆ. ಕತ್ತನ್ನು ನಿಧಾನವಾಗಿ ಒಂದು ಬದಿಗೆ ತಿರುಗಿಸಿ, ಅಂಗೈಯಿಂದ ಹಣೆಯನ್ನು ಒತ್ತುತ್ತಾ ತಲೆಯಿಂದ ಎದುರೊತ್ತಿ. ಪ್ರತಿ ಸಲವೂ ಸದ್ದು ಏರಿತೇ, ಇಳಿಯಿತೇ, ಸ್ವರ ಬದಲಾಯಿತೇ ನೋಡಿ. ಕತ್ತಿನ ಮೂಳೆಯ ತೊಂದರೆ ಇದ್ದವರು ಕತ್ತಿನ ಭಾಗವನ್ನು ಬಿಟ್ಟುಬಿಡಿ.

ಹೀಗೆ ಮಾಡಿದಾಗ ಸದ್ದು ಬದಲಾಗುವುದಕ್ಕೆ ಒಂದು ಕಾರಣವಿದೆ. ಕಿವಿಯಿಂದ ಬರುವ ನರ ಮಿದುಳುಕಾಂಡದಲ್ಲಿ ಮೊದಲು ಸೇರುವ ಠಾಣೆಗೆ ದವಡೆ ಮತ್ತು ಕತ್ತಿನ ನರಗಳಿಂದಲೂ ಸಂದೇಶ ಬರುತ್ತದೆ. ಕತ್ತು ಬಿಗಿದಿದ್ದರೆ, ರಾತ್ರಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ಆ ಗದ್ದಲವೂ ಶ್ರವಣದ ದಾರಿಗೆ ನುಗ್ಗುತ್ತದೆ. ಇಂಥವರಿಗೆ ಕತ್ತಿನ ಫಿಸಿಯೊಥೆರಪಿ, ದವಡೆಯ ಕೀಲಿಗೆ ದಂತವೈದ್ಯರ ಚಿಕಿತ್ಸೆ ಮೊದಲು ಆಗಬೇಕು. ಸೂಜಿಯಿಂದ ಏನಾದರೂ ಪ್ರಯೋಜನ ಆಗುವುದಿದ್ದರೆ ಅದು ಇಂಥವರಿಗೇ ಆದೀತು ಎಂದು ತರ್ಕಿಸಬಹುದು, ಏಕೆಂದರೆ ಚುಚ್ಚುವ ಜಾಗಗಳಲ್ಲಿ ಹಲವು ದವಡೆ ಮತ್ತು ಕತ್ತಿನ ಮೇಲೇ ಇವೆ. ತರ್ಕ ಒಪ್ಪುವಂಥದ್ದು, ಆದರೆ ಅದು ಇನ್ನೂ ಸಾಬೀತಾದ ಸಂಗತಿಯಲ್ಲ. ನನ್ನ ಸದ್ದು ಹಲ್ಲು ಕಚ್ಚಿದರೂ ಕದಲಲಿಲ್ಲ.

ನಾಲ್ಕನೆಯ ಹೆಜ್ಜೆ: ಸೂಜಿಯಿಂದ ಎಷ್ಟನ್ನು ಬಯಸಬಹುದು

ಇದನ್ನು ಓದಿದ ಮೇಲೆ ಬೇಡವೆನ್ನಿಸಿದರೆ ಇಲ್ಲಿಗೇ ನಿಲ್ಲಿಸಿ, ಕೊನೆಯ ಭಾಗಕ್ಕೆ ಹೋಗಿ.

2000ದಲ್ಲಿ ಎಡ್ಜರ್ಡ್ ಅರ್ನ್ಸ್ಟ್ ಸೇರಿದಂತೆ ಮೂವರು ಸಂಶೋಧಕರು ಅಂದಿನವರೆಗಿನ ಆರು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದರು. ತಮಗೆ ನಿಜವಾದ ಚಿಕಿತ್ಸೆ ಸಿಗುತ್ತಿದೆ ಎಂದು ರೋಗಿಗಳಿಗೆ ಗೊತ್ತಿದ್ದ ಎರಡು ಪ್ರಯೋಗಗಳಲ್ಲಿ ಅನುಕೂಲ ಕಂಡಿತ್ತು. ಯಾವುದು ನಿಜ, ಯಾವುದು ತೋರಿಕೆ ಎಂಬುದನ್ನು ಮರೆಮಾಡಿದ್ದ ನಾಲ್ಕರಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆ ಮೇಲೆ ಚೀನಾ, ಕೊರಿಯಾ, ಬ್ರೆಜಿಲ್ ಮುಂತಾದೆಡೆ ಇನ್ನಷ್ಟು ಪ್ರಯೋಗಗಳಾಗಿವೆ. ಕೆಲವು ಒಳ್ಳೆಯ ಫಲಿತಾಂಶ ಹೇಳುತ್ತವೆ, ಆದರೆ ಹೆಚ್ಚಿನವು ಸಣ್ಣವು, ಅವುಗಳ ವಿಧಾನದಲ್ಲೂ ಕೊರತೆಗಳಿವೆ. 2014ರಲ್ಲಿ ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಅಕಾಡೆಮಿ ಟಿನಿಟಸ್ ಮಾರ್ಗಸೂಚಿ ಹೊರಡಿಸಿದಾಗ ಅಕ್ಯುಪಂಕ್ಚರ್ ವಿಷಯದಲ್ಲಿ ಮಾಡಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಶಿಫಾರಸು ಮಾಡುವಷ್ಟು ಪುರಾವೆ ಇಲ್ಲ ಎಂದಿತು. ಅದೇ ಮಾರ್ಗಸೂಚಿ ಗಿಂಕೊ ಎಂಬ ಎಲೆಯ ಸಾರ, ನಿದ್ದೆಗೆಂದು ಕೊಡುವ ಮೆಲಟೋನಿನ್, ಸತುವಿನ ಮಾತ್ರೆಗಳನ್ನು ಬೇಡ ಎಂದೇ ಹೇಳಿದೆ. ಕಿವಿಮೊರೆತಕ್ಕೆಂದು ನಮ್ಮಲ್ಲಿ ಧಾರಾಳವಾಗಿ ಬರೆದುಕೊಡುವ ಬೀಟಾಹಿಸ್ಟಿನ್ ಮಾತ್ರೆಯನ್ನು ಮೊರೆತವೊಂದಕ್ಕೇ ಕೊಡಬೇಡಿ ಎಂದು ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2020ರಲ್ಲಿ ಸೂಚಿಸಿತು.

ಹಾಗಿದ್ದರೆ ಸೂಜಿಯಿಂದ ವಾಸಿಯಾಯಿತೆಂದು ಹೇಳುವವರು ಸುಳ್ಳು ಹೇಳುತ್ತಾರೆಯೇ? ಇಲ್ಲ. ಮೊರೆತ ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ತಡೆಯಲಾರದಷ್ಟು ಏರಿದಾಗ ನಾವು ಚಿಕಿತ್ಸೆ ಹುಡುಕಿಕೊಂಡು ಹೋಗುತ್ತೇವೆ. ಮುಂದಿನ ವಾರಗಳಲ್ಲಿ ಅದು ಇಳಿದಾಗ ಆ ಹೊತ್ತಿಗೆ ಮಾಡಿಸುತ್ತಿದ್ದ ಚಿಕಿತ್ಸೆಗೆ ಹೆಸರು ಸಲ್ಲುತ್ತದೆ. ಇದಲ್ಲದೆ, ಅರ್ಧ ಗಂಟೆ ಮೊಬೈಲ್ ಇಲ್ಲದೆ ಮಲಗಿ, ಒಬ್ಬರು ನಮ್ಮ ಕಷ್ಟವನ್ನು ಗಮನವಿಟ್ಟು ಕೇಳಿದಾಗ ಮೈಯ ಬಿಗಿತ ಸಡಿಲುತ್ತದೆ, ನಿದ್ದೆ ಬರುತ್ತದೆ. ನಿದ್ದೆ ಬಂದರೆ ಸದ್ದಿನ ಕಾಟ ಕಡಿಮೆಯಾಗುತ್ತದೆ. ಈ ಲಾಭ ಸಣ್ಣದೇನಲ್ಲ. ಆದರೆ ಸತ್ತ ಕೂದಲಕೋಶವನ್ನು ಸೂಜಿ ಎಬ್ಬಿಸುವುದಿಲ್ಲ. ಎಬ್ಬಿಸುತ್ತದೆ ಎನ್ನುವವರಿಂದ ದೂರವಿರಿ.

ಐದನೆಯ ಹೆಜ್ಜೆ: ಅಂಕ ಬರೆದಿಡಿ

ನೆನಪನ್ನು ನಂಬಿಕೊಂಡು ಯಾವ ಚಿಕಿತ್ಸೆಯನ್ನೂ ಅಳೆಯಲಾಗುವುದಿಲ್ಲ. ಟಿನಿಟಸ್ ಹ್ಯಾಂಡಿಕ್ಯಾಪ್ ಇನ್ವೆಂಟರಿ ಎಂಬ 25 ಪ್ರಶ್ನೆಗಳ ಪಟ್ಟಿ 1996ರಿಂದ ಬಳಕೆಯಲ್ಲಿದೆ. ಸದ್ದಿನಿಂದ ಗಮನ ಕೊಡುವುದು ಕಷ್ಟವೇ, ಸಿಟ್ಟು ಬರುತ್ತದೆಯೇ, ನಿದ್ದೆಗೆ ಅಡ್ಡಿಯೇ ಇಂಥ ಪ್ರಶ್ನೆಗಳು. ಹೌದು ಎಂದರೆ 4, ಕೆಲವೊಮ್ಮೆ ಎಂದರೆ 2, ಇಲ್ಲ ಎಂದರೆ 0. ಒಟ್ಟು 100. 16ರವರೆಗೆ ಅಲ್ಪ, 18ರಿಂದ 36 ಸೌಮ್ಯ, 38ರಿಂದ 56 ಮಧ್ಯಮ, 58ರಿಂದ 76 ತೀವ್ರ, ಅದಕ್ಕೂ ಮೇಲೆ ಅತಿ ತೀವ್ರ. ಇದರ ಕನ್ನಡ ರೂಪವೂ ಸಿದ್ಧವಾಗಿ 2012ರಲ್ಲಿ ಪ್ರಕಟವಾಗಿದೆ. ಶ್ರವಣ ತಜ್ಞರನ್ನು ಕೇಳಿ ಪಡೆಯಿರಿ. ಚಿಕಿತ್ಸೆ ನಿಜವಾಗಿ ನೆರವಾಗಿದೆ ಎನ್ನಲು ಈ ಅಂಕ ಕನಿಷ್ಠ 7ರಷ್ಟಾದರೂ ಇಳಿಯಬೇಕು ಎಂಬ ಲೆಕ್ಕ ಸಂಶೋಧಕರಲ್ಲಿದೆ.

ಸೂಜಿ ಆರಂಭಿಸುವುದಕ್ಕೆ ಎರಡು ವಾರ ಮೊದಲಿನಿಂದಲೇ ಒಂದು ನೋಟ್‌ಬುಕ್ ಇಡಿ. ದಿನಾ ಒಂದೇ ಹೊತ್ತಿಗೆ, ನಾನು ರಾತ್ರಿ ಊಟದ ನಂತರ ಬರೆಯುತ್ತಿದ್ದೆ, ಸದ್ದಿನ ಜೋರಿಗೆ ಹತ್ತರಲ್ಲಿ ಎಷ್ಟು, ಅದರಿಂದಾದ ಕಾಟಕ್ಕೆ ಹತ್ತರಲ್ಲಿ ಎಷ್ಟು, ನಿದ್ದೆ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ಮೂರು ಸಂಖ್ಯೆ ಸಾಕು. ಜೋರು ಬೇರೆ, ಕಾಟ ಬೇರೆ. ಇವೆರಡನ್ನೂ ಒಂದೇ ಎಂದುಕೊಂಡರೆ ಚಿಕಿತ್ಸೆಯಿಂದ ಏನಾಯಿತೆಂಬುದು ಎಂದಿಗೂ ತಿಳಿಯುವುದಿಲ್ಲ.

ಆರನೆಯ ಹೆಜ್ಜೆ: ಯಾರ ಕೈಗೆ ಸೂಜಿ ಕೊಡುತ್ತೀರಿ

ಭಾರತಕ್ಕೆ ಈ ವಿದ್ಯೆ ಬಂದ ದಾರಿ ಗೌರವದ್ದು. 1938ರಲ್ಲಿ ಯುದ್ಧಪೀಡಿತ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ನಮ್ಮ ನೆರೆಯ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಇದ್ದರು. 1942ರಲ್ಲಿ ಅಲ್ಲೇ ತೀರಿಕೊಂಡರು. ಅದೇ ತಂಡದ ಡಾ. ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದು ಕಲ್ಕತ್ತೆಯಲ್ಲಿ ಆರಂಭಿಸಿದರು. 2019ರ ಫೆಬ್ರುವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಗುರುತಿಸಿತು. ಮಹಾರಾಷ್ಟ್ರ, ಪಶ್ಚಿಮ ಬಂಗಾಳಗಳಲ್ಲಿ ಇದಕ್ಕೆಂದೇ ಕಾನೂನಿದೆ.

ಕರ್ನಾಟಕದಲ್ಲಿ ಓದಿದವರನ್ನು ಗುರುತಿಸುವ ಸುಲಭ ದಾರಿ ಬಿ.ಎನ್.ವೈ.ಎಸ್. ಪದವಿ. ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಐದೂವರೆ ವರ್ಷಗಳ ಈ ವ್ಯಾಸಂಗದಲ್ಲಿ ಅಕ್ಯುಪಂಕ್ಚರ್ ಕೂಡ ಪಾಠವೇ. ಉಜಿರೆಯಲ್ಲಿ 1989ರಿಂದ ಈ ಕಾಲೇಜು ನಡೆಯುತ್ತಿದೆ, ಮೈಸೂರಿನಲ್ಲಿ ಸರ್ಕಾರಿ ಕಾಲೇಜಿದೆ. ಎಂ.ಬಿ.ಬಿ.ಎಸ್. ಮಾಡಿ ಅಕ್ಯುಪಂಕ್ಚರ್ ಕಲಿತವರೂ ಇದ್ದಾರೆ. ಪದವಿ ಯಾವುದು, ನೋಂದಣಿ ಸಂಖ್ಯೆ ಏನು ಎಂದು ಸಂಕೋಚವಿಲ್ಲದೆ ಕೇಳಿ. ಖಾಸಗಿ ಚಿಕಿತ್ಸಾಲಯಗಳು ಕೆ.ಪಿ.ಎಂ.ಇ., ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿಸಿಕೊಳ್ಳಬೇಕು, ಆ ಪ್ರಮಾಣಪತ್ರ ಗೋಡೆಯ ಮೇಲಿದೆಯೇ ನೋಡಿ. ವಾರಾಂತ್ಯದ ಶಿಬಿರದಲ್ಲಿ ಕಲಿತವರ ಪ್ರಮಾಣಪತ್ರ ಎಷ್ಟೇ ಬಣ್ಣದ್ದಾದರೂ ಅದನ್ನು ನಂಬಿ ಕಿವಿಯ ಸುತ್ತ ಚುಚ್ಚಿಸಿಕೊಳ್ಳಬೇಡಿ.

ಮೊದಲ ಭೇಟಿಯಲ್ಲೇ ನಿಮ್ಮ ಆಡಿಯೋಗ್ರಾಂ ಕೊಡಿ. ಅದನ್ನು ಬಿಚ್ಚಿ ನೋಡಿದವರು ಒಳ್ಳೆಯವರು. ಇವೆಲ್ಲ ಬೇಡ, ಇಂಗ್ಲಿಷ್ ಔಷಧಿ ನಿಲ್ಲಿಸಿ ಎಂದು ಪಕ್ಕಕ್ಕಿಟ್ಟರೆ ಎದ್ದು ಬನ್ನಿ. ನಲವತ್ತು ಸಲದ ಹಣ ಮುಂಗಡ ಕೇಳಿದರೂ ಎದ್ದು ಬನ್ನಿ. ನನ್ನ ಊರಿಗೆ ಹತ್ತಿರದ ಒಂದು ಕೇಂದ್ರದಲ್ಲಿ ಹಾಗೆ ಕೇಳಿದರು. ಗ್ಯಾರಂಟಿ ಎಂಬ ಪದವನ್ನೂ ಬಳಸಿದರು. ನಾನು ಬೇರೆ ಕಡೆ ಹೋದೆ.

ರಕ್ತ ತೆಳುವಾಗಿಸುವ ವಾರ್ಫರಿನ್‌ನಂಥ ಮಾತ್ರೆ, ರಕ್ತಸ್ರಾವದ ಕಾಯಿಲೆ, ಹತೋಟಿಯಲ್ಲಿಲ್ಲದ ಮಧುಮೇಹ, ಗರ್ಭಧಾರಣೆ ಇದ್ದರೆ ಮೊದಲೇ ಹೇಳಿ. ನಿಮ್ಮ ವೈದ್ಯರು ಬೇಡವೆಂದರೆ ಬೇಡ. ಪೇಸ್‌ಮೇಕರ್ ಇದ್ದವರು ಸೂಜಿಗೆ ವಿದ್ಯುತ್ ಕೊಡುವ ವಿಧಾನಕ್ಕೆ ಒಪ್ಪಲೇಬಾರದು.

ಏಳನೆಯ ಹೆಜ್ಜೆ: ಮಂಚದ ಮೇಲೆ

ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಬೇಡಿ. ಎರಡು ಇಡ್ಲಿ ತಿಂದು ಒಂದು ಗಂಟೆ ಬಿಟ್ಟು ಹೋಗಿ. ಹಸಿದವರಿಗೆ, ಹೆದರಿದವರಿಗೆ ತಲೆ ಸುತ್ತಿ ಬರುವುದುಂಟು. ಮೊಣಕೈ, ಮೊಣಕಾಲಿನವರೆಗೆ ಮಡಚಲು ಬರುವ ಸಡಿಲ ಬಟ್ಟೆ ಇರಲಿ. ಓಲೆ ತೆಗೆದಿಡಿ.

ಚೀನೀ ಕ್ರಮದವರು ನಾಲಿಗೆ ನೋಡುತ್ತಾರೆ, ಎರಡೂ ಕೈಯ ನಾಡಿ ಹಿಡಿಯುತ್ತಾರೆ. ಆ ಶಾಸ್ತ್ರದಲ್ಲಿ ಕಿವಿ ಮೂತ್ರಪಿಂಡಕ್ಕೆ ಸೇರಿದ್ದು. ಹಠಾತ್ತಾಗಿ ಬಂದ ಜೋರು ಸದ್ದಿಗೆ ಯಕೃತ್ತಿನ ಉರಿ, ವರ್ಷಗಳಿಂದ ಜೀರುಂಡೆಯಂತೆ ಸಣ್ಣಗೆ ಕೂಗುವುದಕ್ಕೆ ಮೂತ್ರಪಿಂಡದ ನಿಶ್ಶಕ್ತಿ ಕಾರಣ ಎನ್ನುತ್ತಾರೆ. ಇದು ಆ ಶಾಸ್ತ್ರದ ಪರಿಭಾಷೆ. ಕೇಳಿ ಗಾಬರಿಯಾಗಿ ಕಿಡ್ನಿ ಪರೀಕ್ಷೆಗೆ ಓಡಬೇಕಾಗಿಲ್ಲ.

ನಂತರ ಸೂಜಿಗಳು. ನಿಮ್ಮ ಕಣ್ಣ ಮುಂದೆಯೇ ಮುಚ್ಚಿದ ಪೊಟ್ಟಣ ಹರಿದು ತೆಗೆಯಬೇಕು. ಒಮ್ಮೆ ಬಳಸಿ ಬಿಸಾಡುವವೇ ಆಗಿರಬೇಕು. ಪೊಟ್ಟಣದ ಮೇಲಿನ ಅವಧಿ ದಿನಾಂಕ ಓದಿ. ಬಳಸಿದ ಸೂಜಿ ಹಾಕಲು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿ ಇರಬೇಕೆಂಬುದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ. ಆ ಡಬ್ಬಿ ಕಾಣದಿದ್ದರೆ ಕೇಳಿ. ಕುದಿಸಿ ಮತ್ತೆ ಬಳಸುವ ಸೂಜಿಯಿಂದ ಹೆಪಟೈಟಿಸ್ ಬಿ, ಸಿ ಹರಡಬಹುದು. ಈ ಒಂದು ವಿಷಯದಲ್ಲಿ ದಾಕ್ಷಿಣ್ಯವೇ ಬೇಡ.

ಸೂಜಿ ತಲೆಗೂದಲಿಗಿಂತ ಎರಡು ಮೂರು ಪಟ್ಟು ದಪ್ಪ ಅಷ್ಟೇ, ಸುಮಾರು ಕಾಲು ಮಿಲಿಮೀಟರ್. ಇಂಜೆಕ್ಷನ್ ಸೂಜಿಯ ಕಲ್ಪನೆ ಇಟ್ಟುಕೊಂಡು ಹೋದವರಿಗೆ ಆಶ್ಚರ್ಯವಾಗುತ್ತದೆ. ಕಿವಿಯ ತೂತಿನ ಮುಂದೆ ಒಂದು ಪುಟ್ಟ ಮೆದು ಎಲುಬು ಇದೆಯಲ್ಲ, ಅದರ ಮುಂದೆ ಬೆರಳಿಟ್ಟು ಬಾಯಿ ತೆರೆಯಿರಿ. ಒಂದು ಗುಳಿ ಬೀಳುತ್ತದೆ. ಆ ಗುಳಿಯ ಸಾಲಿನಲ್ಲೇ ಮೇಲಿಂದ ಕೆಳಗೆ ಮೂರು ಬಿಂದುಗಳು: ಎರ್‌ಮೆನ್ ಎಂದರೆ ಕಿವಿಯ ಬಾಗಿಲು, ಟಿಂಗ್‌ಗೊಂಗ್ ಎಂದರೆ ಶ್ರವಣದ ಅರಮನೆ, ಟಿಂಗ್‌ಹುಯ್ ಎಂದರೆ ಶ್ರವಣದ ಕೂಟ. ಅದಕ್ಕೇ ಅಲ್ಲಿ ಚುಚ್ಚುವಾಗ ಬಾಯಿ ತೆರೆ ಎನ್ನುತ್ತಾರೆ. ಸೂಜಿ ಕೂತ ಮೇಲೆ ನಿಧಾನವಾಗಿ ಮುಚ್ಚಬೇಕು. ಕಿವಿಯ ಹಾಲೆಯ ಹಿಂದೆ ಯಿಫೆಂಗ್, ಕತ್ತಿನ ಹಿಂದೆ ತಲೆಬುರುಡೆಯ ಕೆಳಗೆ ಫೆಂಗ್‌ಚಿ, ಉಂಗುರದ ಬೆರಳು ಕಿರುಬೆರಳುಗಳ ಗೆಣ್ಣಿನ ನಡುವೆ ಒಂದು, ಕಾಲಿನ ಒಳ ಹರಡಿನ ಹಿಂದೆ ಒಂದು. ಚುಚ್ಚಿದ ಕ್ಷಣ ಸೊಳ್ಳೆ ಕಚ್ಚಿದಷ್ಟು. ಆಮೇಲೆ ಸೂಜಿಯನ್ನು ಸ್ವಲ್ಪ ತಿರುಗಿಸಿದಾಗ ಒಳಗೆ ಭಾರ, ಜೋಮು, ಎಳೆತ ಅನ್ನಿಸುತ್ತದೆ. ನನಗೆ ಕಿವಿಯ ಮುಂದಿನ ಸೂಜಿ ಕೂತಾಗ ದವಡೆಯ ತುದಿಯವರೆಗೂ ಆ ಭಾರ ಹರಡಿತು. ಇದನ್ನು ಅವರು ದೆ ಚಿ ಎನ್ನುತ್ತಾರೆ, ಚಿಕಿತ್ಸೆ ನಾಟಿದ ಗುರುತು ಎನ್ನುತ್ತಾರೆ. ಆದರೆ ಕರೆಂಟ್ ಹೊಡೆದಂಥ ಚುರುಕು ನೋವಾದರೆ ಸಹಿಸಿಕೊಂಡು ಮಲಗಬೇಡಿ, ಆಗಲೇ ಹೇಳಿ.

ಇಪ್ಪತ್ತರಿಂದ ಮೂವತ್ತು ನಿಮಿಷ ಅಲುಗದೆ ಮಲಗಬೇಕು. ಎಷ್ಟು ಸೂಜಿ ಹಾಕಿದರೆಂದು ಎಣಿಸಿಕೊಳ್ಳಿ, ತೆಗೆಯುವಾಗಲೂ ಎಣಿಸಿ. ಕೂದಲಿನ ಮರೆಯಲ್ಲಿ ಒಂದು ಉಳಿದುಬಿಡಬಹುದು. ಒಂದು ಹನಿ ರಕ್ತ, ಸಣ್ಣ ನೀಲಿ ಕಲೆ ಸಾಮಾನ್ಯ. ಎದ್ದ ಕೂಡಲೇ ಬೈಕ್ ಹತ್ತಬೇಡಿ, ಹತ್ತು ನಿಮಿಷ ಕುಳಿತು ನೀರು ಕುಡಿಯಿರಿ.

ಭುಜ, ಬೆನ್ನಿನ ಮೇಲ್ಭಾಗದಲ್ಲಿ ಆಳಕ್ಕೆ ಚುಚ್ಚಿದರೆ ಶ್ವಾಸಕೋಶಕ್ಕೆ ತಾಗಿದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಅಪರೂಪ. ಆದರೂ ಆ ದಿನ ಎದೆನೋವು, ಉಸಿರಾಟದ ತೊಂದರೆ ಬಂದರೆ ನೇರ ಆಸ್ಪತ್ರೆಗೆ ಹೋಗಿ, ಸೂಜಿ ಹಾಕಿಸಿದ್ದನ್ನು ಹೇಳಿ. ಹೊರಕಿವಿಯ ಮೇಲೆ ಅಂಟಿಸಿ ಮನೆಗೆ ಕಳಿಸುವ ಪುಟ್ಟ ಸೂಜಿಗಳನ್ನು ನಾನು ಬೇಡವೆಂದೆ. ಅಲ್ಲಿನ ಮೆದು ಎಲುಬಿಗೆ ಸೋಂಕು ತಗುಲಿದರೆ ವಾಸಿಯಾಗುವುದು ಕಷ್ಟ, ಕಿವಿಯ ಆಕಾರವೇ ಕೆಡಬಹುದು.

ಎಂಟನೆಯ ಹೆಜ್ಜೆ: ಹತ್ತನೆಯ ಸಲಕ್ಕೆ ನಿಲ್ಲಿ, ಲೆಕ್ಕ ನೋಡಿ

ವಾರಕ್ಕೆ ಎರಡು ಸಲ, ಒಟ್ಟು ಹತ್ತು ಸಲ: ಮೊದಲೇ ಹೀಗೆಂದು ಚಿಕಿತ್ಸಕರಿಗೆ ಹೇಳಿ, ಒಂದೊಂದು ಸಲಕ್ಕೆ ಮಾತ್ರ ಹಣ ಕೊಡಿ. ಈ ಐದು ವಾರಗಳಲ್ಲಿ ಹೊಸ ಮಾತ್ರೆ, ಹೊಸ ಕಷಾಯ ಆರಂಭಿಸಬೇಡಿ. ಯಾವುದರಿಂದ ಏನಾಯಿತೆಂದು ತಿಳಿಯದೆ ಹೋಗುತ್ತದೆ. ಮೊದಲ ಎರಡು ಮೂರು ಸಲ ಸದ್ದು ಏರಿದಂತೆ ಅನ್ನಿಸಬಹುದು. ಗಮನವೆಲ್ಲ ಕಿವಿಯ ಮೇಲೇ ಇರುವಾಗ ಹಾಗಾಗುವುದು ಸಹಜ. ಏರಿದ್ದು ಏರಿದಂತೆಯೇ ಉಳಿದರೆ ನಿಲ್ಲಿಸಿ.

ಹತ್ತನೆಯ ಸಲ ಮುಗಿದ ವಾರ ಅದೇ 25 ಪ್ರಶ್ನೆಗಳಿಗೆ ಮತ್ತೆ ಉತ್ತರ ಬರೆಯಿರಿ. ಹಳೆಯ ಹಾಳೆಯನ್ನು ಬರೆದು ಮುಗಿಸಿದ ಮೇಲೆಯೇ ತೆಗೆಯಿರಿ. ನನ್ನದು 46 ಇದ್ದದ್ದು 40ಕ್ಕೆ ಬಂದಿತ್ತು. ಆರು ಅಂಕದ ಇಳಿಕೆ, ಏಳಕ್ಕೂ ಕಡಿಮೆ. ಜೋರಿನ ಅಂಕ ಮೊದಲ ದಿನದಂತೆ ಏಳೇ. ನಿದ್ದೆ ಬರಲು ಬೇಕಿದ್ದ ಒಂದು ಗಂಟೆಯ ಹೊತ್ತು ಅರ್ಧ ಗಂಟೆಗೆ ಇಳಿದಿತ್ತು. ನೋಟ್‌ಬುಕ್ಕನ್ನು ಚಿಕಿತ್ಸಕರಿಗೆ ತೋರಿಸಿದೆ. ಅವರು ತಿರುವಿ ನೋಡಿ, ಇಷ್ಟಕ್ಕೆ ಸಾಕು, ಶ್ರವಣ ಸಾಧನದ ಬಗ್ಗೆ ವಿಚಾರಿಸಿ ಎಂದರು. ಇನ್ನೂ ಹತ್ತು ಸಲ ಬನ್ನಿ ಎನ್ನಬಹುದಿತ್ತು, ಎನ್ನಲಿಲ್ಲ. ಅಂಥವರು ಸಿಕ್ಕದ್ದು ನನ್ನ ಪುಣ್ಯ.

ನಿಮ್ಮ ಅಂಕ ಹತ್ತೋ ಹದಿನೈದೋ ಇಳಿದಿದ್ದರೆ ಇನ್ನೊಂದು ತಿಂಗಳು ವಾರಕ್ಕೊಮ್ಮೆ ಮುಂದುವರಿಸಿ, ನಂತರ ಒಂದು ತಿಂಗಳು ಬಿಟ್ಟು ನೋಡಿ. ಬಿಟ್ಟರೂ ಇಳಿಕೆ ಉಳಿದರೆ ಸಂತೋಷ.

ಸೂಜಿಗೆ ಹೋದರೂ ಬಿಟ್ಟರೂ ಮಾಡಬೇಕಾದದ್ದು

ಕಿವಿ ಮಂದವಾಗಿರುವವರಿಗೆ ಶ್ರವಣ ಸಾಧನವೇ ಮೊದಲ ಮದ್ದು. ಹೊರಗಿನ ಸದ್ದು ಒಳಗೆ ಬರತೊಡಗಿದರೆ ಮಿದುಳು ವಾಲ್ಯೂಮ್ ಇಳಿಸುವುದಕ್ಕೆ ಅವಕಾಶವಾಗುತ್ತದೆ. ವಯಸ್ಸಾಯಿತೆಂದು ಜನ ಆಡಿಕೊಳ್ಳುತ್ತಾರೆಂದು ನಾನು ಎರಡು ವರ್ಷ ಮುಂದೂಡಿದ್ದೆ. ಹಾಕಿಕೊಂಡ ನಾಲ್ಕು ತಿಂಗಳಿಗೆ ನನ್ನ ಅಂಕ 28ಕ್ಕೆ ಬಂತು.

ಕಾಟವನ್ನು ತಗ್ಗಿಸಲು ಅತಿ ಗಟ್ಟಿ ಪುರಾವೆ ಇರುವುದು ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂಬ ಮಾತಿನ ಚಿಕಿತ್ಸೆಗೆ. ಸದ್ದನ್ನು ಅದು ಅಳಿಸುವುದಿಲ್ಲ. ಸದ್ದಿನ ಬಗೆಗಿನ ಭಯವನ್ನು, ಅದರ ಸುತ್ತ ಬೆಳೆದ ನಿದ್ದೆಗೇಡನ್ನು ಬಿಡಿಸುತ್ತದೆ. ಅಮೆರಿಕದ ಆ ಮಾರ್ಗಸೂಚಿ ಶಿಫಾರಸು ಮಾಡಿದ ಚಿಕಿತ್ಸೆಗಳಲ್ಲಿ ಇದೂ ಒಂದು. ಮನಃಶಾಸ್ತ್ರಜ್ಞರಿರುವ ಆಸ್ಪತ್ರೆಗಳಲ್ಲಿ ಕೇಳಿ. ಸದ್ದಿನಿಂದ ಬದುಕೇ ಬೇಡವೆನ್ನಿಸುವಷ್ಟು ಆಗಿದ್ದರೆ ಇಂದೇ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ರಾತ್ರಿ ಕೋಣೆಯನ್ನು ಪೂರ್ತಿ ನಿಶ್ಶಬ್ದ ಮಾಡಬೇಡಿ. ಫ್ಯಾನಿನ ಸದ್ದು, ಮೊಬೈಲಿನಲ್ಲಿ ಸಣ್ಣಗೆ ಮಳೆಯ ಸದ್ದು, ಸಂಗೀತ ಬಲ್ಲವರಾದರೆ ತಂಬೂರಿಯ ಶ್ರುತಿ ಇರಲಿ. ಮೊರೆತವನ್ನು ಮುಚ್ಚುವಷ್ಟು ಜೋರು ಬೇಡ. ಅದಕ್ಕಿಂತ ಒಂದು ಎಳೆ ಕೆಳಗೆ, ಎರಡೂ ಬೆರೆತು ಕೇಳುವಂತೆ ಇಡಿ. ಉಳಿದ ಕಿವಿಯನ್ನು ಕಾಯಿರಿ: 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಇರಬಾರದೆಂಬುದು ಕಾರ್ಮಿಕ ಆರೋಗ್ಯದ ಲೆಕ್ಕ. ಯಂತ್ರದ ಮುಂದೆ ನಿಲ್ಲುವವರು, ಡಿ.ಜೆ. ಮೆರವಣಿಗೆಯ ಹಿಂದೆ ನಡೆಯುವವರು ಫೋಮ್ ಇಯರ್‌ಪ್ಲಗ್ ಇಟ್ಟುಕೊಳ್ಳಿ. ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಬೆರಳುಗಳ ನಡುವೆ ಹೊಸೆದು ಸಣ್ಣದಾಗಿಸಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ತೂರಿಸಿ, ಅದು ಒಳಗೆ ಅರಳುವವರೆಗೆ ಅರ್ಧ ನಿಮಿಷ ಬೆರಳಿನಿಂದ ಹಿಡಿದುಕೊಳ್ಳಿ.